ಸ್ಯಾಕ್ಸೊಫೋನ್ ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್

ನಮ್ಮ ಗೋಡೆ ಪತ್ರಿಕೆಯಲ್ಲಿ ಇಷ್ಟರವರೆಗೆ ಗಾಂಧೀಜಿ, ವಿಶ್ವೇಶ್ವರಯ್ಯ, ರಾಣಿ ಅಬ್ಬಕ್ಕ, ಎಡಿಸನ್ ಇವರೆಲ್ಲರ ಜೀವನ ಚರಿತ್ರೆ ಬಂದು ಆಯಿತು. ವಿಶ್ವೇಶ್ವರಯ್ಯ ಅಂತೂ ಎರಡು ಸಲ ಬಂದಿದ್ದಾರೆ. ಈ ಸಲ ನನ್ನ ಸರದಿ. ಬರೆದವರನ್ನೇ ಬರೆಯಬೇಡ, ನಿನಗೆ ಯಾರ ಬಗ್ಗೆ ತಿಳಿಯಬೇಕು ಅಂತ ಆಸೆ ಉಂಟೋ ಅವರ ಬಗ್ಗೆ ಬರೆ ಅಂತ ಟೀಚರ್ ಹೇಳಿದರು. ಆದ್ದರಿಂದ ನಾನು ಅಡಾಲ್ಫ್ ಸ್ಯಾಕ್ಸ್ ಅವರನ್ನು ಆರಿಸಿದ್ದೇನೆ.

ಅದು ಯಾರಪ್ಪ ಅಂತ ನೀವು ಕೇಳಬಹುದು. ಹೆಸರು ಗೊತ್ತಿಲ್ಲದಿದ್ದರೂ ಅವರು ಮಾಡಿದ ವಸ್ತುವನ್ನು ನೀವೆಲ್ಲ ನೋಡಿದ್ದೀರಿ. ನಮ್ಮೂರ ರಥೋತ್ಸವದಲ್ಲಿ ದೇವರ ಮುಂದೆ ಊದುತ್ತಾರಲ್ಲ, ಮದುವೆ ಮನೆಯಲ್ಲಿ ತಾಳಿ ಕಟ್ಟುವಾಗ ಡೋಲಿನ ಜೊತೆ ಗಟ್ಟಿಯಾಗಿ ಕೇಳುತ್ತದಲ್ಲ, ಕೆಳಗೆ ಬಾಗಿ ಪುನಃ ಮೇಲೆ ಎದ್ದು ದೊಡ್ಡ ಹೂವಿನ ಹಾಗೆ ಬಾಯಿ ಬಿಟ್ಟ ಹಿತ್ತಾಳೆ ವಾದ್ಯ, ಅದೇ ಸ್ಯಾಕ್ಸೊಫೋನ್. ಅದು ನಮ್ಮ ತುಳುನಾಡಿನದ್ದೇ ವಾದ್ಯ ಅಂತ ನಾನು ಐದನೇ ಕ್ಲಾಸಿನವರೆಗೂ ನಂಬಿದ್ದೆ. ನನ್ನ ಸೋದರಮಾವ ಅದನ್ನು ನುಡಿಸುತ್ತಾರೆ. ಸ್ಯಾಕ್ಸ್ ಎಂಬುದು ಒಬ್ಬ ಮನುಷ್ಯನ ಹೆಸರು ಅಂತ ನನಗೆ ಹೇಳಿದ್ದೂ ಅವರೇ. ವಾದ್ಯಕ್ಕೆ ಮನುಷ್ಯನ ಹೆಸರು ಇಡುತ್ತಾರಾ ಅಂತ ನನಗೆ ಆಶ್ಚರ್ಯ ಆಯಿತು.

ಸ್ಯಾಕ್ಸ್ ಹುಟ್ಟಿದ್ದು 1814ನೇ ಇಸವಿ ನವೆಂಬರ್ 6ರಂದು, ಈಗಿನ ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ. ಆ ಊರು ಮ್ಯೂಸ್ ಎಂಬ ಹೊಳೆಯ ಬದಿಯಲ್ಲಿದೆ. ಅವರ ನಿಜವಾದ ಹೆಸರು ಆಂಟೊಯಿನ್ ಜೋಸೆಫ್, ಆದರೆ ಎಲ್ಲರೂ ಅಡಾಲ್ಫ್ ಅಂತಲೇ ಕರೆಯುತ್ತಿದ್ದರು. ನಮ್ಮಲ್ಲಿ ಶಾಲೆಗೆ ಒಂದು ಹೆಸರು ಮನೆಗೆ ಒಂದು ಹೆಸರು ಇರುವ ಹಾಗೆ. ತಂದೆ ಚಾರ್ಲ್ಸ್ ಜೋಸೆಫ್ ಸ್ಯಾಕ್ಸ್ ವಾದ್ಯ ತಯಾರಿಸುವವರು. ಮನೆಯಲ್ಲಿ ಹನ್ನೊಂದು ಮಕ್ಕಳು, ಅವರಲ್ಲಿ ಅಡಾಲ್ಫ್ ಹಿರಿಯ.

ಇವರ ಬಾಲ್ಯದ ಕಥೆ ಕೇಳಿದರೆ ನಗು ಬರುತ್ತದೆ, ಹೆದರಿಕೆಯೂ ಆಗುತ್ತದೆ. ಸಣ್ಣವರಿರುವಾಗ ಮೂರು ಮಹಡಿ ಎತ್ತರದಿಂದ ಬಿದ್ದು ತಲೆ ಕಲ್ಲಿಗೆ ತಾಗಿ ಸತ್ತೇ ಹೋದ ಅಂತ ಮನೆಯವರು ತಿಳಿದಿದ್ದರಂತೆ. ಇನ್ನೊಂದು ಸಲ ಹಾಲು ಅಂತ ತಿಳಿದು ಆಸಿಡ್ ನೀರು ಕುಡಿದರಂತೆ. ಒಂದು ಸಲ ಗುಂಡುಸೂಜಿ ನುಂಗಿದರಂತೆ. ಕೋವಿಯ ಮದ್ದು ಸಿಡಿದು ಮೈ ಸುಟ್ಟುಕೊಂಡರಂತೆ. ಹೊಸದಾಗಿ ವಾರ್ನಿಷ್ ಹಚ್ಚಿದ ಸಾಮಾನು ಇದ್ದ ಕೋಣೆಯಲ್ಲಿ ಮಲಗಿ ಉಸಿರು ಕಟ್ಟಿತಂತೆ. ಹೊಳೆಗೆ ಬಿದ್ದು ತೇಲಿಕೊಂಡು ಹೋದರಂತೆ, ಯಾರೋ ಎಳೆದು ಹಾಕಿದರು. ಈ ಮಗು ಬದುಕುವುದಿಲ್ಲ ಅಂತ ತಾಯಿಗೇ ಅನ್ನಿಸಿತ್ತು, ನೆರೆಕರೆಯವರು ಅವರನ್ನು ಭೂತದ ಮಗು ಎಂಬ ಹಾಗೆ ಕರೆಯುತ್ತಿದ್ದರು ಅಂತ ಹೇಳುತ್ತಾರೆ. ಇದನ್ನು ನಾನು ಅಜ್ಜಿಗೆ ಓದಿ ಹೇಳಿದೆ. ಆ ತಾಯಿ ಎಷ್ಟು ಹರಕೆ ಹೇಳಿಕೊಂಡಿರಬಹುದು ಅಂತ ಅಜ್ಜಿ ಕೇಳಿದರು.

ಹೀಗೆ ಬದುಕಿ ಉಳಿದ ಹುಡುಗ ತಂದೆಯ ಕಾರ್ಖಾನೆಯಲ್ಲೇ ಕೆಲಸ ಕಲಿತರು. ಆಗ ಅವರ ಮನೆ ಬ್ರಸೆಲ್ಸ್ ಪಟ್ಟಣದಲ್ಲಿತ್ತು. ಬರೀ ಕೈಕೆಲಸ ಅಲ್ಲ, ಅಲ್ಲಿಯ ಸಂಗೀತ ಶಾಲೆಗೆ ಹೋಗಿ ಕೊಳಲು ಮತ್ತು ಕ್ಲಾರಿನೆಟ್ ಕೂಡ ಕಲಿತರು. ನನಗೆ ಮುಖ್ಯ ಅಂತ ಕಂಡದ್ದು ಇದು. ವಾದ್ಯ ಮಾಡುವವರು ಎಷ್ಟೋ ಜನ ಇರುತ್ತಾರೆ, ನುಡಿಸುವವರು ಎಷ್ಟೋ ಜನ ಇರುತ್ತಾರೆ, ಎರಡೂ ಬರುವವರು ಕಡಿಮೆ. ಯಾವ ತೂತು ಎಲ್ಲಿ ಇದ್ದರೆ ಬೆರಳಿಗೆ ಸುಲಭ ಎಂಬುದು ನುಡಿಸುವವನಿಗೆ ಗೊತ್ತು, ಎಲ್ಲಿ ಇದ್ದರೆ ಸ್ವರ ಸರಿ ಬರುತ್ತದೆ ಎಂಬುದು ಮಾಡುವವನಿಗೆ ಗೊತ್ತು. ಹದಿನೈದು ವರ್ಷಕ್ಕೇ ತಾನು ಮಾಡಿದ ಕೊಳಲು ಮತ್ತು ಕ್ಲಾರಿನೆಟ್ ಅನ್ನು ಪ್ರದರ್ಶನಕ್ಕೆ ಇಟ್ಟಿದ್ದರು. 1838ರಲ್ಲಿ ಬಾಸ್ ಕ್ಲಾರಿನೆಟ್ ಎಂಬ ದೊಡ್ಡ ವಾದ್ಯವನ್ನು ಸುಧಾರಿಸಿ ಅದಕ್ಕೆ ಪೇಟೆಂಟ್ ಪಡೆದರು. ಪೇಟೆಂಟ್ ಅಂದರೆ ಇದನ್ನು ನಾನು ಕಂಡುಹಿಡಿದದ್ದು, ಇಷ್ಟು ವರ್ಷ ಬೇರೆ ಯಾರೂ ಮಾಡಿ ಮಾರಬಾರದು ಎಂಬ ಸರಕಾರದ ಕಾಗದ.

ಬೆಲ್ಜಿಯಂನ ಒಂದು ಪ್ರದರ್ಶನದಲ್ಲಿ ಇವರಿಗೆ ಚಿನ್ನದ ಪದಕ ಕೊಡಬೇಕು ಅಂತ ಪರೀಕ್ಷಕರು ಬರೆದರೂ, ಮೇಲಿನವರು ಹುಡುಗ ತುಂಬಾ ಚಿಕ್ಕವನು ಅಂತ ಹೇಳಿ ಅದಕ್ಕಿಂತ ಕೆಳಗಿನ ಪದಕ ಕೊಡಲು ಹೊರಟರು. ಚಿನ್ನಕ್ಕೆ ನಾನು ಚಿಕ್ಕವನಾದರೆ ಇದಕ್ಕೆ ದೊಡ್ಡವನಾದೆ ಎಂಬ ಅರ್ಥದಲ್ಲಿ ಉತ್ತರ ಕೊಟ್ಟು ಅವರು ಅದನ್ನು ತೆಗೆದುಕೊಳ್ಳಲೇ ಇಲ್ಲ. ಸ್ವಲ್ಪ ಜಂಬ ಇತ್ತು ಅಂತ ಕಾಣುತ್ತದೆ. ಆ ಜಂಬದಿಂದ ಅವರಿಗೆ ಮುಂದೆ ಶತ್ರುಗಳೂ ತುಂಬಾ ಜನ ಆದರು.

1842ರಲ್ಲಿ ಪ್ಯಾರಿಸ್‌ಗೆ ಹೋದರು. ಜೇಬಿನಲ್ಲಿ ಹೆಚ್ಚು ಹಣ ಇರಲಿಲ್ಲ. ಆದರೆ ಕೈಯಲ್ಲಿ ಹೊಸ ವಾದ್ಯ ಇತ್ತು. ಅದು ಎಂತದು ಅಂದರೆ, ಕ್ಲಾರಿನೆಟ್‌ಗೆ ಇರುವ ಹಾಗೆ ಬಾಯಿಯ ಹತ್ತಿರ ಒಂದೇ ಒಂದು ರೀಡು, ಆದರೆ ದೇಹ ಹಿತ್ತಾಳೆಯದ್ದು, ಮೇಲೆ ಸಪೂರ ಕೆಳಗೆ ಹೋಗುತ್ತಾ ಅಗಲ. ರೀಡು ಅಂದರೆ ಒಂದು ಜಾತಿಯ ಬೆತ್ತದ ಹಾಗಿನ ಜೊಂಡನ್ನು ತೆಳುವಾಗಿ ಕೆತ್ತಿದ ಪಟ್ಟಿ. ಊದಿದಾಗ ಅದು ನಡುಗುತ್ತದೆ, ಆ ನಡುಕವೇ ಸ್ವರ. ಆದ್ದರಿಂದ ಸ್ಯಾಕ್ಸೊಫೋನ್ ಪೂರ್ತಿ ಹಿತ್ತಾಳೆಯಲ್ಲಿದ್ದರೂ ಅದನ್ನು ಮರದ ವಾದ್ಯಗಳ ಗುಂಪಿಗೆ ಸೇರಿಸುತ್ತಾರೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಾವೆಲ್ಲ ತಪ್ಪು ಬರೆಯುತ್ತಿದ್ದೆವು. ಕೊಳವೆ ಅಗಲ ಆಗುತ್ತಾ ಹೋಗುವುದರಿಂದ ಒಂದು ಉಪಯೋಗ ಉಂಟು. ಕೆಳಗಿನ ಸಪ್ತಕಕ್ಕೆ ಯಾವ ಬೆರಳೋ ಮೇಲಿನ ಸಪ್ತಕಕ್ಕೂ ಹೆಚ್ಚುಕಡಿಮೆ ಅದೇ ಬೆರಳು. ಹಿಂದೆ ಹೆಬ್ಬೆರಳಿನಿಂದ ಒಂದು ಕೀ ಒತ್ತಿದರೆ ಸಾಕು. ಕ್ಲಾರಿನೆಟ್‌ನಲ್ಲಿ ಹಾಗೆ ಆಗುವುದಿಲ್ಲ. ಕಲಿಯುವ ಮಕ್ಕಳಿಗೆ ಇದರಿಂದ ಎಷ್ಟು ಸುಲಭ ಆಗಿದೆ ಎಂಬುದು ಕಲಿತವರಿಗೇ ಗೊತ್ತು.

ಬರ್ಲಿಯೋಜ್ ಎಂಬ ದೊಡ್ಡ ಸಂಗೀತಗಾರರು ಈ ವಾದ್ಯದ ಬಗ್ಗೆ ಆ ವರ್ಷ ಜೂನ್‌ನಲ್ಲಿ ಪತ್ರಿಕೆಯಲ್ಲಿ ಹೊಗಳಿ ಬರೆದರು. 1844ರ ಫೆಬ್ರವರಿಯಲ್ಲಿ ತಮ್ಮ ಕಛೇರಿಯಲ್ಲಿ ಅದನ್ನು ನುಡಿಸಲು ಸ್ಯಾಕ್ಸ್ ಅವರಿಗೇ ಅವಕಾಶ ಕೊಟ್ಟರು. ವಾದ್ಯದ ಕೆಲಸ ಇನ್ನೂ ಮುಗಿದಿರಲಿಲ್ಲ, ದಾರ ಮತ್ತು ಅರಗು ಹಾಕಿ ಜೋಡಿಸಿ ಓಡಿ ಬಂದರು ಅಂತ ಒಂದು ಕಥೆ ಉಂಟು. ನಮ್ಮ ವಾರ್ಷಿಕೋತ್ಸವದ ನಾಟಕದ ಕಿರೀಟವೂ ಹಾಗೇ ಅಲ್ವಾ ಆದದ್ದು?

ಆಗಿನ ಫ್ರಾನ್ಸ್ ಸೈನ್ಯದ ಬ್ಯಾಂಡ್‌ನ ಶಬ್ದ ಬಯಲಿನಲ್ಲಿ ಸರಿಯಾಗಿ ಕೇಳುತ್ತಿರಲಿಲ್ಲ. ಸ್ಯಾಕ್ಸ್ ತನ್ನ ಹೊಸ ವಾದ್ಯಗಳನ್ನು ಸೇರಿಸಿದರೆ ಸರಿ ಆಗುತ್ತದೆ ಅಂದರು. ಹಳೆಯ ಕ್ರಮದವರು ಒಪ್ಪಲಿಲ್ಲ. ಹಾಗಾದರೆ ಸ್ಪರ್ಧೆ ಆಗಲಿ ಅಂತ ತೀರ್ಮಾನ ಆಯಿತು. 1845 ಏಪ್ರಿಲ್ 22ರಂದು ಪ್ಯಾರಿಸ್‌ನ ಶಾಂ ದ ಮಾರ್ಸ್ ಎಂಬ ದೊಡ್ಡ ಮೈದಾನದಲ್ಲಿ ಸುಮಾರು 20,000 ಜನ ಸೇರಿದರು. ಒಂದು ಕಡೆ ಹಳೆಯ ಬ್ಯಾಂಡ್, ಇನ್ನೊಂದು ಕಡೆ ಸ್ಯಾಕ್ಸ್ ಅವರ ಬ್ಯಾಂಡ್. ಸ್ಯಾಕ್ಸ್ ಕಡೆಯ ಕೆಲವು ವಾದಕರು ಬರಲೇ ಇಲ್ಲ. ಎದುರು ಪಕ್ಷದವರು ಬಾರದ ಹಾಗೆ ಮಾಡಿದ್ದರು ಅಂತ ಹೇಳುತ್ತಾರೆ. ಕಡಿಮೆ ಜನ ಇದ್ದರೂ ಸ್ಯಾಕ್ಸ್ ಬ್ಯಾಂಡೇ ಗೆದ್ದಿತು. ಕಬಡ್ಡಿಯಲ್ಲಿ ಐದು ಜನ ಏಳು ಜನರನ್ನು ಸೋಲಿಸಿದ ಹಾಗೆ. ಸೈನ್ಯ ಅವರ ವಾದ್ಯಗಳನ್ನು ತೆಗೆದುಕೊಂಡಿತು. 1846ರ ಜೂನ್‌ನಲ್ಲಿ ಸ್ಯಾಕ್ಸೊಫೋನ್‌ಗೆ ಪೇಟೆಂಟ್ ಸಿಕ್ಕಿತು.

ಇಲ್ಲಿಂದ ಮೇಲೆ ಬರೀ ಸುಖ ಅಂತ ತಿಳಿಯಬೇಡಿ. ಪ್ಯಾರಿಸ್‌ನ ಬೇರೆ ವಾದ್ಯ ತಯಾರಕರು ಒಟ್ಟಾಗಿ ಕೋರ್ಟಿಗೆ ಹೋದರು. ಈ ವಾದ್ಯ ಹೊಸದೇ ಅಲ್ಲ ಅಂತ ಅವರ ವಾದ. ಕೇಸು ವರ್ಷಗಟ್ಟಲೆ ನಡೆಯಿತು. ಸ್ಯಾಕ್ಸ್ ಗೆದ್ದರೂ ಹಣ ಎಲ್ಲ ವಕೀಲರಿಗೇ ಹೋಯಿತು. 1848ರಲ್ಲಿ ಫ್ರಾನ್ಸ್‌ನಲ್ಲಿ ಕ್ರಾಂತಿಯಾಗಿ ರಾಜ ಹೋದ, ಅವನ ಜೊತೆ ಸ್ಯಾಕ್ಸ್‌ಗೆ ಸಿಗುತ್ತಿದ್ದ ಬೆಂಬಲವೂ ಹೋಯಿತು. 1852ರಲ್ಲಿ ಮೊದಲನೇ ಸಲ ದಿವಾಳಿಯಾದರು. ಮತ್ತೆ ಮೂರನೇ ನೆಪೋಲಿಯನ್ ಚಕ್ರವರ್ತಿಯಾದ ಮೇಲೆ 1854ರಲ್ಲಿ ಸ್ಯಾಕ್ಸೊಫೋನ್ ಪುನಃ ಸೈನ್ಯಕ್ಕೆ ಬಂತು. ಈ ಮಧ್ಯೆ 1853ರಲ್ಲಿ ಅವರ ತುಟಿಯಲ್ಲಿ ಗಡ್ಡೆ ಎದ್ದಿತು. ಊದುವವನಿಗೆ ತುಟಿ ಅಂದರೆ ಕೃಷಿಕನಿಗೆ ಕೈ ಇದ್ದ ಹಾಗೆ. ಅದು ಬೆಳೆದು ಬೆಳೆದು ಊಟ ಮಾಡುವುದೇ ಕಷ್ಟ ಆಯಿತು. 1859ರಲ್ಲಿ ಗಿಡಮೂಲಿಕೆಯ ಔಷಧ ಕೊಡುವ ಒಬ್ಬ ವೈದ್ಯರ ಚಿಕಿತ್ಸೆಯಿಂದ ಗುಣವಾಯಿತು.

ಈಗ ನಾನು ಬರೆಯಬೇಕು ಅಂತ ಇದ್ದ ಮುಖ್ಯ ವಿಷಯಕ್ಕೆ ಬಂದೆ. ಬೇರೆಯವರೆಲ್ಲ ಸ್ಯಾಕ್ಸ್ ಅಂದರೆ ವಾದ್ಯ ಕಂಡುಹಿಡಿದವರು ಅಂತ ಮಾತ್ರ ಹೇಳುತ್ತಾರೆ. ಆದರೆ ಅವರು ಮೇಷ್ಟ್ರು ಕೂಡ ಆಗಿದ್ದರು. 1857ರಲ್ಲಿ ಪ್ಯಾರಿಸ್‌ನ ಕನ್ಸರ್ವೇಟರಿ ಎಂಬ ದೊಡ್ಡ ಸಂಗೀತ ವಿದ್ಯಾಲಯದಲ್ಲಿ ಸೈನಿಕ ವಿದ್ಯಾರ್ಥಿಗಳಿಗೆ ಸ್ಯಾಕ್ಸೊಫೋನ್ ಕಲಿಸಲು ಅವರನ್ನು ನೇಮಿಸಿದರು. ವರ್ಷ ನೋಡಿ. ಆಗ ತುಟಿಯ ಗಡ್ಡೆ ಇನ್ನೂ ವಾಸಿಯಾಗಿರಲಿಲ್ಲ!

ಹೊಸ ವಾದ್ಯ ಕಲಿಸುವುದು ಎಂದರೆ ಎಷ್ಟು ಕಷ್ಟ ಅಂತ ನಾನು ಯೋಚಿಸಿದೆ. ಪಿಟೀಲು ಕಲಿಸುವವರಿಗೆ ಅವರ ಗುರು, ಗುರುವಿನ ಗುರು ಇರುತ್ತಾರೆ. ಹಳೆಯ ಪಾಠ ಇರುತ್ತದೆ, ಹಳೆಯ ಕೃತಿ ಇರುತ್ತದೆ. ಸ್ಯಾಕ್ಸೊಫೋನ್‌ಗೆ ಎಂತ ಇತ್ತು? ಕಾಸ್ಟ್ನರ್ ಎಂಬ ಗೆಳೆಯರು ಬರೆದ ಪಾಠ ಪುಸ್ತಕದಂಥದ್ದು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ವರ್ಷದ ಕೊನೆಗೆ ಪರೀಕ್ಷೆ ಆಗಬೇಕಾದರೆ ನುಡಿಸಲು ಒಂದು ಸಂಗೀತ ಬೇಡವೇ? ಪಠ್ಯಪುಸ್ತಕ ಇಲ್ಲದೆ ಪಬ್ಲಿಕ್ ಪರೀಕ್ಷೆ ಇಟ್ಟ ಹಾಗೆ. ಅದಕ್ಕೆ ಸ್ಯಾಕ್ಸ್ ಏನು ಮಾಡಿದರು ಅಂದರೆ, 1858ರಲ್ಲಿ ತಾವೇ ಸಂಗೀತ ಪುಸ್ತಕ ಅಚ್ಚು ಮಾಡುವ ಪ್ರಕಾಶನ ಶುರು ಮಾಡಿದರು. ಸ್ನೇಹಿತರಿಂದ ಬರೆಸಿದರು. ಬ್ರಸೆಲ್ಸ್‌ನ ಹಳೆಯ ಗೆಳೆಯ ಸಿಂಜಲೇ ಎಂಬವರು ಪರೀಕ್ಷೆಗೆ ಅಂತಲೇ ಎಷ್ಟೋ ರಚನೆಗಳನ್ನು ಬರೆದುಕೊಟ್ಟರು. ಕೊಳಲು ವಾದಕ ದೆಮರ್ಸ್‌ಮನ್ ಬರೆದರು. ಅವುಗಳನ್ನು ಇವತ್ತಿಗೂ ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಕಲಿಯುತ್ತಾರೆ.

ಹದಿಮೂರು ವರ್ಷ ಕಲಿಸಿದರು. ನನಗೆ ಈಗ ಹದಿಮೂರು ವರ್ಷ, ಅಂದರೆ ನಾನು ಹುಟ್ಟಿ ಇಷ್ಟರವರೆಗೆ ಆದಷ್ಟು ಕಾಲ. ಅವರ ಹತ್ತಿರ ಕಲಿತ ಸೈನಿಕರು ಬೇರೆ ಬೇರೆ ಬ್ಯಾಂಡ್‌ಗಳಿಗೆ ಹೋಗಿ ನುಡಿಸಿದರು. 1870ರಲ್ಲಿ ಫ್ರಾನ್ಸ್‌ಗೂ ಪ್ರಷ್ಯಕ್ಕೂ ಯುದ್ಧ ಆಯಿತು. ಸೈನಿಕರ ತರಗತಿ ನಿಂತಿತು. ಯುದ್ಧ ಮುಗಿದರೂ ತರಗತಿ ಶುರು ಆಗಲಿಲ್ಲ. ಆ ವಿದ್ಯಾಲಯದಲ್ಲಿ ಪುನಃ ಸ್ಯಾಕ್ಸೊಫೋನ್ ಕ್ಲಾಸು ತೆರೆದದ್ದು 1942ರಲ್ಲಿ, ಮಾರ್ಸೆಲ್ ಮ್ಯೂಲ್ ಎಂಬ ಗುರುಗಳು ಬಂದಾಗ. 1942ರಲ್ಲಿ 1870 ಕಳೆಯಿರಿ. 72 ವರ್ಷ! ನಾನು ಲೆಕ್ಕ ತಪ್ಪಿರಬೇಕು ಅಂತ ಎರಡು ಸಲ ಕಳೆದು ನೋಡಿದೆ. ವಾದ್ಯ ಇತ್ತು, ರೀಡು ಇತ್ತು, ಅಚ್ಚಾದ ಪುಸ್ತಕ ಇತ್ತು. ಅಲ್ಲಿ ಕಲಿಸುವವರು ಇಲ್ಲದೆ ಅಷ್ಟು ವರ್ಷ ಹೋಯಿತು.

ಸ್ಯಾಕ್ಸ್ ಅವರ ಕೊನೆಯ ದಿನಗಳನ್ನು ಬೇಗ ಬರೆದು ಮುಗಿಸುತ್ತೇನೆ, ಯಾಕೆಂದರೆ ಬೇಜಾರಾಗುತ್ತದೆ. ಪೇಟೆಂಟ್ 1866ಕ್ಕೆ ಮುಗಿಯಿತು, ಎಲ್ಲರೂ ಸ್ಯಾಕ್ಸೊಫೋನ್ ಮಾಡಲು ಶುರು ಮಾಡಿದರು. 1873ರಲ್ಲಿ ಮತ್ತು 1877ರಲ್ಲಿ ಪುನಃ ದಿವಾಳಿ. ಅವರು ಪ್ರೀತಿಯಿಂದ ಕೂಡಿಟ್ಟಿದ್ದ ಹಳೆಯ ವಾದ್ಯಗಳ ಸಂಗ್ರಹವನ್ನು ಏಲಂ ಹಾಕಿದರು. 1894 ಫೆಬ್ರವರಿ 7ರಂದು ಪ್ಯಾರಿಸ್‌ನಲ್ಲಿ ಬಡತನದಲ್ಲಿ ತೀರಿಕೊಂಡರು. ಮಗ ಅಡಾಲ್ಫ್ ಎಡ್ವರ್ಡ್ ಅಂಗಡಿ ಮುಂದುವರಿಸಿದರು.

ಅವರು ತೀರಿಕೊಂಡ ಮೇಲೆ ಅವರ ವಾದ್ಯ ಲೋಕ ಸುತ್ತಿತು. ಅಮೆರಿಕಕ್ಕೆ ಹೋಗಿ ಜಾಜ್ ಸಂಗೀತದಲ್ಲಿ ದೊಡ್ಡ ಹೆಸರಾಯಿತು, ಅದನ್ನು ಅವರು ಕೇಳಲೇ ಇಲ್ಲ. ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಎಲೀಸ್ ಹಾಲ್ ಎಂಬ ಒಬ್ಬ ಹೆಂಗಸು ಸ್ಯಾಕ್ಸೊಫೋನ್ ಕಲಿತು, ದೆಬುಸ್ಸಿಯಂಥ ಹೆಸರಾಂತ ಸಂಗೀತಗಾರರಿಗೆ ಹಣ ಕೊಟ್ಟು ತನಗಾಗಿ ಸಂಗೀತ ಬರೆಸಿದರು. ಇದನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಹೆಣ್ಣುಮಕ್ಕಳು ಊದಿದರೆ ಕೆನ್ನೆ ಉಬ್ಬಿ ಚಂದ ಕೆಡುತ್ತದೆ ಅಂತ ನಮ್ಮ ಮನೆಯಲ್ಲಿ ಒಬ್ಬರು ಹೇಳುತ್ತಾರೆ. ಯಾರು ಅಂತ ಬರೆಯುವುದಿಲ್ಲ, ಮೇಲೆ ಹರಕೆಯ ವಿಷಯ ಹೇಳಿದವರೇ. ಸ್ಯಾಕ್ಸೊಫೋನ್ ಊದುವಾಗ ಕೆನ್ನೆ ಉಬ್ಬಿಸಲೇ ಬಾರದು. ಉಬ್ಬಿಸಿದರೆ ಮಾವ ಬೈಯುತ್ತಾರೆ.

ನಮ್ಮ ಕಡೆಗೆ ಅದು ಹೇಗೆ ಬಂತು? ನಮ್ಮ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಅವರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಗೋಪಾಲನಾಥರು ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ನೋಡಿ ಅದನ್ನೇ ಕಲಿಯಬೇಕು ಅಂತ ಹಟ ಹಿಡಿದರು. ಬ್ಯಾಂಡ್ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ ಬರುವುದಿಲ್ಲ ಅಂತ ಜನ ಹೇಳುತ್ತಿದ್ದರು. ಅವರು ವರ್ಷಗಟ್ಟಲೆ ಸಾಧನೆ ಮಾಡಿ ಬರಿಸಿ ತೋರಿಸಿದರು. 1994ರಲ್ಲಿ ಲಂಡನ್‌ನ ದೊಡ್ಡ ಸಂಗೀತ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಅವರ ಜೀವನ ಚರಿತ್ರೆಯನ್ನು ಇನ್ನೊಂದು ಸಲ ಬೇರೆಯಾಗಿ ಬರೆಯುತ್ತೇನೆ, ಯಾರೂ ಮೊದಲೇ ತೆಗೆದುಕೊಳ್ಳಬೇಡಿ.

ಈಗ ನನ್ನ ವಿಷಯ ಸ್ವಲ್ಪ ಬರೆಯಲು ಟೀಚರ್ ಅನುಮತಿ ಕೊಟ್ಟಿದ್ದಾರೆ. ಮಾವ ಭಜನಾ ಮಂದಿರದ ಜಗಲಿಯಲ್ಲಿ ಸಂಜೆ ಐದೂವರೆಗೆ ಕ್ಲಾಸು ಮಾಡುತ್ತಾರೆ. ಮೊದಲು ನಾವು ಏಳು ಜನ ಇದ್ದೆವು. ಹೋದ ವರ್ಷ ಮಾವ ರಾತ್ರಿ ಒಂದು ನೇಮದಿಂದ ಬರುವಾಗ ಬೈಕ್ ಜಾರಿ ಬಿದ್ದು ಮೇಲಿನ ಎದುರು ಹಲ್ಲು ಹೋಯಿತು. ಆ ಹಲ್ಲು ಇಲ್ಲದಿದ್ದರೆ ವಾದ್ಯದ ಬಾಯಿ ನಿಲ್ಲುವುದಿಲ್ಲ. ಆರು ತಿಂಗಳು ಅವರಿಗೆ ಊದಲು ಆಗಲಿಲ್ಲ, ಮದುವೆ ಸೀಸನ್ ಎಲ್ಲ ಹೋಯಿತು. ಆದರೆ ಕ್ಲಾಸು ನಿಲ್ಲಿಸಲಿಲ್ಲ. ಬಾಯಲ್ಲೇ ಸ್ವರ ಹೇಳಿ, ಕಂಬಕ್ಕೆ ತಾಳ ಹಾಕಿ ಕಲಿಸಿದರು. ನುಡಿಸಿ ತೋರಿಸದ ಮೇಷ್ಟ್ರು ಎಂತ ಕಲಿಸುತ್ತಾರೆ ಅಂತ ಕೆಲವರು ಮಕ್ಕಳನ್ನು ಬಿಡಿಸಿದರು. ಈಗ ಮಾವನಿಗೆ ಹೊಸ ಹಲ್ಲು ಬಂದಿದೆ, ಕಛೇರಿಗೂ ಹೋಗುತ್ತಾರೆ. ಕ್ಲಾಸಿನಲ್ಲಿ ಮಾತ್ರ ನಾವು ಇಬ್ಬರೇ. ವಾದ್ಯ ಒಂದೇ, ಬಾಯಿ ಭಾಗ ಬೇರೆ ಬೇರೆ. ನಾನು ಮೊನ್ನೆ ಹಲ್ಲು ತಾಗಿಸಿ ರೀಡು ಒಡೆದೆ. ಒಂದು ರೀಡಿಗೆ ಮುನ್ನೂರು ರೂಪಾಯಿ ಹತ್ತಿರ ಆಗುತ್ತದೆ. ಮಾವ ಏನೂ ಹೇಳಲಿಲ್ಲ, ಅದು ಬೈದದ್ದಕ್ಕಿಂತ ಜಾಸ್ತಿ ಆಯಿತು.

ನಾನು ಈಗ ಕಲಿತದ್ದು ಸರಳೆ ವರಸೆ ಮತ್ತು ಜಂಟಿ ವರಸೆ. ಮೇಲಿನ ಷಡ್ಜ ಇನ್ನೂ ಬಾತುಕೋಳಿ ಕೂಗಿದ ಹಾಗೆ ಬರುತ್ತದೆ. ಬರುವ ಜೂನ್‌ನಿಂದ ನಾನು ಎಂಟನೇ ಕ್ಲಾಸಿಗೆ ಪೇಟೆಯ ಹೈಸ್ಕೂಲಿಗೆ ಹೋಗಬೇಕು. ಬಸ್ಸು ನಮ್ಮ ಸ್ಟಾಪಿಗೆ ಬರುವಾಗ ಆರು ಗಂಟೆ ದಾಟುತ್ತದೆ. ಹೈಸ್ಕೂಲ್ ಮುಗಿಯುವವರೆಗೆ ಊದುವುದು ಬೇಡ, ಲೆಕ್ಕದಲ್ಲಿ ಮಾರ್ಕು ಕಡಿಮೆ ಉಂಟು ಅಂತ ಅಪ್ಪ ಹೇಳಿದ್ದಾರೆ. ಲೆಕ್ಕದಲ್ಲಿ ಕಡಿಮೆ ಇರುವುದು ನಿಜ. ನಾನು ಹೋಗದಿದ್ದರೆ ಕ್ಲಾಸಿನಲ್ಲಿ ಒಬ್ಬನೇ ಉಳಿಯುತ್ತಾನೆ. ಒಬ್ಬನಿಗಾಗಿ ಭಜನಾ ಮಂದಿರದ ಲೈಟು ಹಾಕಲು ಕಮಿಟಿಯವರು ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬೇಕಾದರೆ ಬೆಳಿಗ್ಗೆ ಆರು ಗಂಟೆಗೆ ತನ್ನ ಮನೆಯಲ್ಲೇ ಕಲಿಸುತ್ತೇನೆ ಅಂತ ಮಾವ ಅಮ್ಮನ ಹತ್ತಿರ ಹೇಳಿದ್ದಾರೆ. ಅಮ್ಮ ಅದನ್ನು ಇನ್ನೂ ಅಪ್ಪನಿಗೆ ಹೇಳಿಲ್ಲ.

ಶನಿವಾರ ಪೋಷಕರ ಸಭೆ ಉಂಟು. ಗೋಡೆ ಪತ್ರಿಕೆಯನ್ನು ಆಫೀಸ್ ರೂಮಿನ ಬಾಗಿಲ ಪಕ್ಕ ತೂಗು ಹಾಕುತ್ತಾರೆ. ಹೆಡ್ ಮಾಸ್ಟರ್ ಕರೆಯುವವರೆಗೆ ಅಪ್ಪ ಯಾವಾಗಲೂ ಅಲ್ಲೇ ನಿಲ್ಲುವುದು.